ಸ್ಟಾರ್ಟರ್ ಡಬ್ಬಿಯಿಂದ ತಂತಿ ಎಳೆಯುವ ಮೊದಲು: ಬೆಳೆಗಾರ ಬಂಧುಗಳಿಗೊಂದು ಬಹಿರಂಗ ಪತ್ರ

ನಮ್ಮ ಹೋಬಳಿಯ ಬೆಳೆಗಾರರ ಸಂಘದ ಸದಸ್ಯರಿಗೆ, ಸದಸ್ಯರಾಗದಿದ್ದರೂ ಗದ್ದೆ ತೋಟ ಇಟ್ಟುಕೊಂಡು ರಾತ್ರಿ ನಿದ್ದೆಗೆಡುತ್ತಿರುವ ಎಲ್ಲರಿಗೆ ಈ ಪತ್ರ.

ಕಳೆದ ತಿಂಗಳ ಸಭೆಯಲ್ಲಿ ಹಿಂದಿನ ಸಾಲಿನಿಂದ ಒಂದು ಮಾತು ಬಂತು. "ಸೋಲಾರ್ ಬೇಲಿ ಅಂದ್ರೆ ಆನೆಗೆ ಸೊಳ್ಳೆ ಕಚ್ಚಿದ ಹಾಗೆ ಕಣ್ರೀ. ಮೋಟರ್ ಲೈನಿಂದ ಒಂದೆಳೆ ಎಳೆದುಬಿಟ್ರೆ ಒಂದೇ ರಾತ್ರಿಗೆ ತೀರ್ಮಾನ." ಕೆಲವರು ನಕ್ಕರು. ಒಂದಿಬ್ಬರು ನಗದೆ ಕೈಯಲ್ಲಿದ್ದ ಕಾಫಿ ಲೋಟವನ್ನೇ ನೋಡುತ್ತ ಕೂತರು. ಮಾತಾಡಿದವರ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ, ಬಾಯಲ್ಲಿ ಹೇಳಿದವರು ಸಾಮಾನ್ಯವಾಗಿ ಮಾಡುವುದಿಲ್ಲ. ಲೋಟ ನೋಡಿಕೊಂಡವರ ಮುಖ ಮಾತ್ರ ಮನೆಗೆ ಬಂದ ಮೇಲೂ ಕಣ್ಣೆದುರು ಇತ್ತು. ಅವತ್ತು ಎದ್ದು ನಿಂತು ಹೇಳಬೇಕಿತ್ತು, ಹೇಳಲಿಲ್ಲ. ಈಗ ಬರೆಯುತ್ತಿದ್ದೇನೆ.

ನಿಮ್ಮಲ್ಲಿ ಹೆಚ್ಚಿನವರಿಗೆ ನಾನು ಲೈನ್‌ಮನ್ ಆಗಿಯೇ ಗೊತ್ತು. ಕೆಲಸಕ್ಕೆ ಸೇರಿದಾಗ ಕೆಇಬಿ ಇತ್ತು. 1999ರಲ್ಲಿ ಅದು ಕೆಪಿಟಿಸಿಎಲ್ ಆಯಿತು, ಆಮೇಲೆ ವಿತರಣೆ ಬೇರೆಯಾಗಿ ನಮ್ಮ ಹಾಸನ ಜಿಲ್ಲೆ ಸೆಸ್ಕ್ ಪಾಲಿಗೆ ಬಂತು. ಬೋರ್ಡು ಎಷ್ಟು ಸಲ ಬದಲಾದರೂ ನಿಮಗೆ ನಾವು ಇವತ್ತಿಗೂ "ಕೆಇಬಿಯವರು". ನಿವೃತ್ತಿಯ ಮೇಲೆ ಅಪ್ಪ ಬಿಟ್ಟುಹೋದ ಎಂಟು ಎಕರೆ ರೋಬಸ್ಟಾ, ಎರಡು ಎಕರೆ ಗದ್ದೆ ನೋಡಿಕೊಂಡಿದ್ದೇನೆ. ಹಾಗಾಗಿ ಆನೆ ತುಳಿದ ಗದ್ದೆಯ ಬದುವಿನಲ್ಲಿ ಬೆಳಗ್ಗೆ ನಿಂತವನ ಹೊಟ್ಟೆ ಹೇಗೆ ಉರಿಯುತ್ತದೆ ಎಂದು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಹೋದ ವರ್ಷ ಹೊಡೆ ಬಂದ ಗದ್ದೆಯಲ್ಲಿ ಮೂರು ಆನೆ, ಒಂದು ಮರಿ ಇಡೀ ರಾತ್ರಿ ಕಳೆದವು. ಅವು ಬಿಟ್ಟದ್ದನ್ನು ಮರುದಿನ ಹಂದಿಗಳು ಮುಗಿಸಿದವು.

ಇನ್ನು, ಇಷ್ಟು ವರ್ಷ ಯಾರೊಂದಿಗೂ ಪೂರ್ತಿ ಹೇಳದ ಒಂದು ಬೆಳಗಿನ ವಿಷಯ. ಊರು, ಹೆಸರು ಬೇಡ. ಸರ್ವಿಸ್‌ನಲ್ಲಿದ್ದಾಗ ಆರೂವರೆ ಹೊತ್ತಿಗೆ ಫೋನ್ ಬಂತು, ಟ್ರಾನ್ಸ್‌ಫಾರ್ಮರ್ ಆಫ್ ಮಾಡಿ ಎಂದು. ಹೋಗಿ ಇಳಿಸಿ, ಗದ್ದೆಗೆ ನಡೆದೆ. ಬದುವಿನ ಮೇಲೆ ಆ ಮನೆಯ ಯಜಮಾನರೇ ಮಲಗಿದ್ದರು. ನಸುಕಿನಲ್ಲಿ ನೀರು ಕಟ್ಟಲು ಬಂದಿದ್ದಾರೆ, ಹಂದಿಗೆಂದು ತಾವೇ ಎಳೆದ ತಂತಿ ಮೊಣಕಾಲಿಗೆ ತಾಗಿದೆ. ಬಿದ್ದವರ ಕೈ ಇನ್ನೂ ತಂತಿಯ ಮೇಲೇ ಇತ್ತು. ಪಂಪ್ ಮನೆಯಲ್ಲಿ ಸ್ಟಾರ್ಟರ್ ಡಬ್ಬಿ ತೆಗೆದು ನೋಡಿದೆ, ಫ್ಯೂಸ್ ಹೋಗಿರಲಿಲ್ಲ. ಪಂಚನಾಮೆಗೆ ಸಹಿ ಹಾಕಲು ಅವರ ಮನೆಗೆ ಹೋದಾಗ ಜಗಲಿಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ಏನೋ ಕೂತಿತ್ತು. ಎತ್ತಿ ನೋಡಿದರೆ ಸೋಲಾರ್ ಬೇಲಿಯ ಮಷಿನ್, ಪಕ್ಕದಲ್ಲಿ ನೀರು ಬತ್ತಿದ ಬ್ಯಾಟರಿ. ಅವರ ಮಗ ಹೇಳಿದ, "ಎರಡು ವರ್ಷ ಚೆನ್ನಾಗಿತ್ತು ಸಾರ್. ಆಮೇಲೆ ಶಾಕ್ ಹೊಡೀತಿರ್ಲಿಲ್ಲ. ಅದಕ್ಕೇ ಅಪ್ಪ..." ಅಲ್ಲಿಗೆ ನಿಲ್ಲಿಸಿದ. ನಾನೂ ಮುಂದೆ ಕೇಳಲಿಲ್ಲ.

ಫ್ಯೂಸ್ ಯಾಕೆ ಹೋಗಲಿಲ್ಲ ಎನ್ನುವುದು ನಿಮಗೆ ಗೊತ್ತಿರಬೇಕು. "ಏನಾದ್ರೂ ಆದ್ರೆ ಫ್ಯೂಸ್ ಹಾರುತ್ತೆ ಬಿಡಿ" ಎಂದು ಧೈರ್ಯ ಹೇಳಿಕೊಳ್ಳುವವರನ್ನು ಬಹಳ ನೋಡಿದ್ದೇನೆ. ಮೋಟರ್ ಫ್ಯೂಸ್ ಹತ್ತಾರು ಆಂಪಿಯರ್‌ಗೆ ಕರಗುವಂಥದ್ದು. ಮನುಷ್ಯನ ಮೈಯ ಪ್ರತಿರೋಧ ಸುಮಾರು ಸಾವಿರ ಓಮ್ ಎಂದಿಟ್ಟುಕೊಳ್ಳಿ. 230 ವೋಲ್ಟ್ ಅವನ ಮೂಲಕ ನೆಲಕ್ಕೆ ಇಳಿದರೆ ಹರಿಯುವುದು ಕಾಲು ಆಂಪಿಯರ್‌ಗೂ ಕಡಿಮೆ. ಅಷ್ಟು ಫ್ಯೂಸಿನ ಗಮನಕ್ಕೇ ಬರುವುದಿಲ್ಲ. ಹೃದಯದ ಬಡಿತ ಕೆಡಲು ಅದರ ಅರ್ಧ ಸಾಕು. ಅದಕ್ಕೂ ಮೊದಲು, ಹತ್ತು ಹದಿನೈದು ಮಿಲಿ ಆಂಪಿಯರ್‌ಗೇ ಬೆರಳಿನ ಸ್ನಾಯು ಬಿಗಿದು ತಂತಿಯನ್ನು ಹಿಡಿದುಕೊಳ್ಳುತ್ತದೆ. ಬಿಡಬೇಕೆಂದರೂ ಕೈ ಬಿಡುವುದಿಲ್ಲ, ಯಾಕೆಂದರೆ ಮುಷ್ಟಿ ಮುಚ್ಚುವ ಸ್ನಾಯು ಬಿಚ್ಚುವ ಸ್ನಾಯುವಿಗಿಂತ ಬಲ. ಮನೆಗೆ ಹಾಕುವ ಆರ್‌ಸಿಸಿಬಿ 30 ಮಿಲಿ ಆಂಪಿಯರ್ ಸೋರಿದರೆ ಬೀಳುತ್ತದೆ ನಿಜ. ಆದರೆ ಹುಲ್ಲಿಗೆ, ಒದ್ದೆ ಕಂಬಕ್ಕೆ ತಾಗಿಕೊಂಡ ಬೇಲಿಗೆ ಅದರ ಮೂಲಕ ಕರೆಂಟ್ ಕೊಟ್ಟರೆ ಕೊಟ್ಟ ಕ್ಷಣವೇ ಬಿದ್ದುಹೋಗುತ್ತದೆ. ಆಗ ನಮ್ಮವರು ಮಾಡುವುದೇನು? ಆರ್‌ಸಿಸಿಬಿಯನ್ನೇ ಬಿಟ್ಟು ನೇರ ಕೊಡುತ್ತಾರೆ.

ಪಂಪ್‌ಸೆಟ್ ಲೈನಿಗೆ ಇನ್ನೊಂದು ಗುಣವಿದೆ. ತ್ರೀ ಫೇಸ್ ನಮಗೆ ಸರದಿಯಲ್ಲಿ ಬರುತ್ತದೆ, ಈ ವಾರ ಹಗಲು, ಮುಂದಿನ ವಾರ ರಾತ್ರಿ. ಮಳೆಗಾಳಿಗೆ ಹೋದ ಕರೆಂಟ್ ಯಾವಾಗ ಬರುತ್ತದೆಂದು ಲೈನ್‌ಮನ್‌ಗೇ ಗೊತ್ತಿರುವುದಿಲ್ಲ. "ಈಗ ಕರೆಂಟಿಲ್ಲ" ಎಂದು ಬೇಲಿ ದಾಟುವವನು ಪ್ರತಿ ಸಲ ಜೂಜಾಡುತ್ತಿರುತ್ತಾನೆ. ಅದೂ ದಾಟುವವರು ಯಾರು? ತಂತಿ ಎಳೆದವನು, ಅವನ ಹೆಂಡತಿ, ಲೈನ್ ಮನೆಯ ಆಳುಗಳು, ದನ ಹುಡುಕಿಕೊಂಡು ಬಂದ ಹುಡುಗ, ಅಣಬೆ ಕೀಳಲು ಬಂದವರು, ಮೊದಲ ಮಳೆಗೆ ಟಾರ್ಚ್ ಹಿಡಿದು ಹತ್ತುಮೀನಿಗೆ ಹೋಗುವವರು. ನಮ್ಮಲ್ಲಿ ಗದ್ದೆ ಬದು ಎಲ್ಲರ ದಾರಿ.

ಆ ಜಗಲಿಯ ಮಷಿನ್ ಬಗ್ಗೆ ಯೋಚಿಸಿದಷ್ಟೂ ನನಗೆ ಒಂದೇ ಅನ್ನಿಸುತ್ತದೆ. ಮೋಟರ್ ಲೈನಿಂದ ತಂತಿ ಎಳೆಯುವವರು ಹುಟ್ಟಾ ದುಷ್ಟರಲ್ಲ. ಸಾಲ ಮಾಡಿ ಸೋಲಾರ್ ಬೇಲಿ ಹಾಕಿಸಿ, ಅದು ಕೈಕೊಟ್ಟ ಮೇಲೆ ಎಳೆಯುತ್ತಾರೆ. ಬೇಲಿ ಕೈಕೊಡುವುದು ಕಳೆ ಸವರದೆ, ಅರ್ಥಿಂಗ್ ನೋಡದೆ, ಬ್ಯಾಟರಿಗೆ ನೀರು ಹಾಕದೆ. ಅಂದರೆ ಕೊಲ್ಲುವ ಬೇಲಿಗೆ ಮೊದಲ ಗೂಟ ಬೀಳುವುದು ಸೋಲಾರ್ ತಂತಿಗೆ ಹುಲ್ಲು ತಾಗಿದ ದಿನ. ಆದ್ದರಿಂದ ಈ ಪತ್ರದಲ್ಲಿ ಬುದ್ಧಿಮಾತು ಕಡಿಮೆ, ಬೇಲಿಯ ಕೆಲಸದ ಮಾತು ಹೆಚ್ಚು. ಬೇಜಾರಾದರೂ ಓದಿ.

ಮೊದಲು, ಆ "ಸೊಳ್ಳೆ ಕಡಿತ" ಅಂದರೆ ಏನು? ಐಬೆಕ್ಸ್ ಬೇಲಿ ಅನ್ನಿ, ಸೋಲಾರ್ ಬೇಲಿ ಅನ್ನಿ, ಎಲ್ಲದರ ಹೊಟ್ಟೆಯಲ್ಲಿರುವುದು ಒಂದೇ. ಮಷಿನ್ 12 ವೋಲ್ಟ್ ಬ್ಯಾಟರಿಯಿಂದ ಸ್ವಲ್ಪ ಸ್ವಲ್ಪ ತೆಗೆದು ಕೆಪಾಸಿಟರ್‌ನಲ್ಲಿ ಕೂಡಿಸಿ, ಸುಮಾರು ಸೆಕೆಂಡಿಗೊಮ್ಮೆ ಒಟ್ಟಿಗೇ ತಂತಿಗೆ ಬಿಡುತ್ತದೆ. ತಂತಿಯಲ್ಲಿ ಆರರಿಂದ ಒಂಬತ್ತು ಸಾವಿರ ವೋಲ್ಟ್. ಅದು ಇರುವುದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಹೊತ್ತು, ಮತ್ತೆ ಒಂದು ಸೆಕೆಂಡ್ ಖಾಲಿ. ಆ ಖಾಲಿಯೇ ಜೀವ ಉಳಿಸುವುದು, ಮುಟ್ಟಿದವನು ಕೈ ಕಿತ್ತುಕೊಳ್ಳಲು ಸಿಗುವ ಸಮಯ ಅದು. ಅಂತರರಾಷ್ಟ್ರೀಯ ಮಾನಕದ ಪ್ರಕಾರ ಎರಡು ಏಟಿನ ನಡುವೆ ಕನಿಷ್ಠ ಒಂದು ಸೆಕೆಂಡ್ ಇರಬೇಕು, 500 ಓಮ್ ಪ್ರತಿರೋಧಕ್ಕೆ ಒಂದೇಟಿಗೆ 5 ಜೂಲ್ ಮೀರಬಾರದು. ಐದು ಜೂಲ್ ಎಂದರೆ ಅರ್ಧ ಕೆ.ಜಿ. ಸಕ್ಕರೆ ಪೊಟ್ಟಣವನ್ನು ಒಂದು ಮೀಟರ್ ಎತ್ತುವಷ್ಟು ಶಕ್ತಿ. ಅಷ್ಟೇ ಶಕ್ತಿ ಕಣ್ಣು ಮಿಟುಕಿಸುವುದರೊಳಗೆ ಸೊಂಡಿಲ ತುದಿಗೆ ಬಿದ್ದರೆ ಆನೆ ಚೀರಿಕೊಂಡು ಹಿಂದೆ ಹೋಗುತ್ತದೆ. ಸೋಲಾರ್ ಬೇಲಿ ಚಾಟಿಯೇಟು. ಮೋಟರ್ ಲೈನ್ ಇಕ್ಕಳ.

ಕೊಳ್ಳುವಾಗ ಮಷಿನ್ ಮೇಲಿನ ತಗಡು ಓದಿ. ಭಾರತದಲ್ಲಿ ಇದಕ್ಕೆ ಐಎಸ್ 302ರ ಭಾಗ 2, ವಿಭಾಗ 76 ಎಂಬ ಮಾನಕವಿದೆ. ಸಂತೆಯಲ್ಲಿ ಸಿಗುವ ಹೆಸರಿಲ್ಲದ "ಝಟ್ಕಾ ಮಷಿನ್" ಒಳಗೆ ಏನಿದೆಯೋ ಮಾಡಿದವನಿಗೇ ಗೊತ್ತು. ಅಂಥ ಒಂದನ್ನು ಬಿಚ್ಚಿ ನೋಡಿದೆ, ಒಳಗಿದ್ದದ್ದು ಒಂದು ಟ್ರಾನ್ಸ್‌ಫಾರ್ಮರ್, ಒಂದು ಬಲ್ಬು. ಮುಚ್ಚಿ ವಾಪಸ್ ಕೊಟ್ಟೆ, ಬಾವಿಗೆ ಹಾಕಿ ಅಂದೆ. ಒಂದೇ ಬೇಲಿಗೆ ಎರಡು ಮಷಿನ್ ಸೇರಿಸುವುದೂ ಬೇಡ. ಎರಡರ ಏಟು ಒಂದರ ಹಿಂದೆ ಒಂದು ಬಿದ್ದರೆ ನಡುವಿನ ಖಾಲಿ ಹೊತ್ತೇ ಇರುವುದಿಲ್ಲ.

ಈಗ ಅರ್ಥಿಂಗ್. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಹಳೇ ಚಾಳಿ. ಬೇಲಿ ಹಾಕುವವರು ಬಂದರೆ ನಾವು ತಂತಿ ಎಷ್ಟು ಎಳೆ, ಕಂಬ ಎಷ್ಟು ಎಂದು ಎಣಿಸುತ್ತೇವೆ, ನೆಲದೊಳಗೆ ಏನು ಹೂತರು ಎಂದು ಕೇಳುವುದಿಲ್ಲ. ಅರ್ಧ ಬೇಲಿ ಇರುವುದೇ ನೆಲದೊಳಗೆ. ತಂತಿಯಿಂದ ಹೊರಟ ಏಟು ಪ್ರಾಣಿಯ ಮೈ ಹೊಕ್ಕು, ಕಾಲಿನಿಂದ ಮಣ್ಣಿಗಿಳಿದು, ಮಣ್ಣಿನಲ್ಲೇ ನಡೆದು ಮಷಿನ್‌ನ ಅರ್ಥ್ ಕಂಬಿಗೆ ವಾಪಸ್ ಬಂದರೆ ಮಾತ್ರ ಶಾಕ್. ಬರುವ ದಾರಿ ಕೆಟ್ಟಿದ್ದರೆ ಬರೀ ಕಚಗುಳಿ. ಒಂದಡಿ ಸರಳು ಚುಚ್ಚಿ ಹೋದವರ ಬೇಲಿ ಮಳೆಗಾಲದಲ್ಲಿ ಚೆನ್ನಾಗಿಯೇ ಹೊಡೆಯುತ್ತದೆ, ನೆಲ ಒದ್ದೆಯಿರುತ್ತದಲ್ಲ. ಫೆಬ್ರವರಿ ಕಳೆದು ಜಂಬಿಟ್ಟಿಗೆ ನೆಲ ಒಣಗಿ ಬಿರಿದ ಮೇಲೆ ಅದೇ ಬೇಲಿ ಸತ್ತ ಹಾವು. ಹಲಸು ಬಲಿತು ಆನೆ ತೋಟಕ್ಕೆ ನುಗ್ಗುವುದೂ ಅದೇ ಹೊತ್ತಿಗೆ. ಕನಿಷ್ಠ ಮೂರು ಜಿಐ ಕಂಬಿ, ಒಂದೊಂದೂ ಆರಡಿ, ನಡುವೆ ಹತ್ತಡಿ ಅಂತರ. ಸುತ್ತ ಇದ್ದಿಲು, ಉಪ್ಪು. ಬೇಸಿಗೆಯಲ್ಲಿ ವಾರಕ್ಕೊಮ್ಮೆ ನಾಲ್ಕು ಕೊಡ ನೀರು. ಮನೆಯ ಅರ್ಥಿಂಗ್‌ನಿಂದ ಇದು ಹತ್ತು ಮೀಟರ್ ದೂರವಿರಲಿ. ಒಣ ಜಾಗದಲ್ಲಿ ಒಂದು ಎಳೆ ಬಿಟ್ಟು ಒಂದು ಎಳೆಯನ್ನು ಅರ್ಥ್ ಕಂಬಿಗೆ ಸೇರಿಸಿ. ಆಗ ಪ್ರಾಣಿ ಎರಡನ್ನೂ ಒಟ್ಟಿಗೆ ಮುಟ್ಟಿದರೆ ಮಣ್ಣಿನ ಹಂಗೇ ಇಲ್ಲದೆ ಏಟು ಬೀಳುತ್ತದೆ.

ಅರ್ಥಿಂಗ್ ಸರಿಯಿದೆಯೋ ಇಲ್ಲವೋ ನೋಡಲು ಎಂಜಿನಿಯರ್ ಬೇಕಿಲ್ಲ. ಮಷಿನ್‌ನಿಂದ ನೂರು ಮೀಟರ್ ಆಚೆ, ಮಷಿನ್ ಆಫ್ ಮಾಡಿಕೊಂಡು, ಬೇಲಿಗೆ ನಾಲ್ಕೈದು ಕಬ್ಬಿಣದ ಸರಳು ಒರಗಿಸಿ ನೆಲಕ್ಕೆ ತಾಗಿಸಿ. ಆನ್ ಮಾಡಿದಾಗ ಬೇಲಿ ಎರಡು ಸಾವಿರ ವೋಲ್ಟಿನ ಕೆಳಗೆ ಇಳಿಯಬೇಕು. ಆಗ ಅರ್ಥ್ ಕಂಬಿಗೆ ಟೆಸ್ಟರ್ ಇಡಿ. ಅಲ್ಲಿ ಇನ್ನೂರು ಮುನ್ನೂರಕ್ಕಿಂತ ಹೆಚ್ಚು ವೋಲ್ಟ್ ತೋರಿಸಿದರೆ ಇನ್ನೊಂದು ಕಂಬಿ ಹೊಡೆಯಿರಿ.

ಕಂಬ, ತಂತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ನಿಮಗೇ ಗೊತ್ತು. ಎರಡು ಮೂರು ತಪ್ಪು ಮಾತ್ರ ಎಲ್ಲರ ತೋಟದಲ್ಲೂ ಕಾಣುತ್ತೇನೆ. ಕಂಬದ ಖರ್ಚು ಉಳಿಸಲು ಸಿಲ್ವರ್ ಮರಕ್ಕೇ ಇನ್ಸುಲೇಟರ್ ಹೊಡೆಯುತ್ತೇವೆ. ಮರ ಬೆಳೆಯುತ್ತದೆ, ಮೂರು ನಾಲ್ಕು ವರ್ಷಕ್ಕೆ ತೊಗಟೆ ಇನ್ಸುಲೇಟರನ್ನು ನುಂಗಿ ತಂತಿ ಮರಕ್ಕೆ ಅಂಟಿಕೊಳ್ಳುತ್ತದೆ. ನಡುವೆ ಒಂದು ಹಲಗೆ ಕೊಟ್ಟು ಹೊಡೆದರೆ ಹಲಗೆ ಬದಲಿಸಿದರಾಯಿತು. ಗೇಟಿನ ಹತ್ತಿರ ಜಿಐ ತಂತಿಗೆ ತಾಮ್ರದ ವೈರ್ ಸುತ್ತಿ ಜಾಯಿಂಟ್ ಮಾಡುತ್ತೇವೆ, ಎರಡು ಲೋಹ ಸೇರಿದ ಕಡೆ ಮಳೆನೀರಿಗೆ ತುಕ್ಕು ಹಿಡಿದು ಅಲ್ಲೇ ಕಡಿಯುತ್ತದೆ. ಮೂರನೆಯದು ತಪ್ಪಲ್ಲ, ಅಪರಾಧ. ಹಳೇ ಮುಳ್ಳುತಂತಿಗೇ ಮಷಿನ್ ಕನೆಕ್ಷನ್ ಕೊಡುವುದು. ಚಾಟಿಯೇಟಿನ ಬೇಲಿ ಜೀವ ತೆಗೆಯದೆ ಇರುವುದು ಮುಟ್ಟಿದವನು ಕಿತ್ತುಕೊಂಡು ಹೋಗಬಲ್ಲ ಎಂಬ ಕಾರಣಕ್ಕೆ. ಮುಳ್ಳಿಗೆ ಬಟ್ಟೆಯೋ ಚರ್ಮವೋ ಸಿಕ್ಕಿಕೊಂಡರೆ ಸೆಕೆಂಡಿಗೊಂದು ಏಟು ಬೀಳುತ್ತಲೇ ಇರುತ್ತದೆ.

ಮಳೆಗಾಲಕ್ಕೆ ಬರೋಣ, ನಮ್ಮ ಬೇಲಿಗಳು ಸಾಯುವುದೇ ಆಗ. ಹಂದಿ ತಡೆಯಲು ಮೊದಲ ಎಳೆ ನೆಲದಿಂದ ಎಂಟು ಇಂಚಿನಲ್ಲಿ, ಎರಡನೆಯದು ಹದಿನೆಂಟು ಇಂಚಿನಲ್ಲಿ ಇರಬೇಕು. ಹಂದಿಯ ಮೈಕೂದಲು ಒರಟು, ಏಟು ಮೂತಿಗೇ ಬೀಳಬೇಕು. ಆದರೆ ಆರಿದ್ರೆ ಮಳೆ ಹಿಡಿಯಿತೆಂದರೆ ಆ ಎಂಟು ಇಂಚನ್ನು ಕಳೆ ಹತ್ತೇ ದಿನಕ್ಕೆ ಮುಟ್ಟುತ್ತದೆ. ಒಂದೊಂದು ಹಸಿ ಎಲೆಯೂ ತಂತಿಯಿಂದ ಒಂದಿಷ್ಟು ಹೀರಿ ನೆಲಕ್ಕೆ ಇಳಿಸುತ್ತದೆ. ಒಂದು ಎಲೆ ಲೆಕ್ಕಕ್ಕಿಲ್ಲ, ಒಂದು ಕಿಲೋಮೀಟರ್ ಉದ್ದಕ್ಕೆ ಹುಲ್ಲು ತಾಗಿದರೆ ಏಳು ಸಾವಿರ ವೋಲ್ಟ್ ಕೊನೇ ಮೂಲೆಗೆ ಹೋಗುವಷ್ಟರಲ್ಲಿ ಎರಡು ಸಾವಿರ. ಆನೆಗೆ ಐದು ಸಾವಿರಕ್ಕಿಂತ ಕಡಿಮೆಯಿದ್ದರೆ ನನಗೆ ನಂಬಿಕೆಯಿಲ್ಲ. ಆದ್ದರಿಂದ ಕೆಳಗಿನ ಎರಡು ಎಳೆಗೆ ಬೇರೆ ಸ್ವಿಚ್ ಇರಲಿ, ಸವರಲು ಆಗದ ವಾರ ಅವನ್ನು ಬಿಡಿಸಿ ಮೇಲಿನದನ್ನಾದರೂ ಬದುಕಿಸಿಕೊಳ್ಳಬಹುದು. ಕಳೆನಾಶಕ ಹೊಡೆದು ಕೈ ತೊಳೆದುಕೊಳ್ಳುವವರಿದ್ದಾರೆ. ಇಳಿಜಾರಿನಲ್ಲಿ ಬರಿ ನೆಲ ಬಿಟ್ಟರೆ ಕಂಬದ ಬುಡದ ಮಣ್ಣೇ ಕೊಚ್ಚಿಹೋಗುವುದನ್ನೂ ನೋಡಿದ್ದೇನೆ. ಕತ್ತಿಗೆ ಸಮ ಇನ್ನೊಂದಿಲ್ಲ.

ಇನ್ನೊಂದು ಕಷ್ಟ ಬಿಸಿಲಿನದು. ಜುಲೈನಲ್ಲಿ ನಮ್ಮೂರಿಗೆ ಸೂರ್ಯ ನೆಂಟರ ಹಾಗೆ ಬಂದು ಹೋಗುತ್ತಾನೆ. ಪ್ಯಾನೆಲ್ ಮೇಲೆ ಪಾಚಿ, ಮೇಲಿನ ಸಿಲ್ವರ್ ಕೊಂಬೆಯ ನೆರಳು, ಬ್ಯಾಟರಿ ಅರೆಹೊಟ್ಟೆ. ಮರಗಸಿ ಮಾಡುವಾಗ ಪ್ಯಾನೆಲ್‌ನ ನೆತ್ತಿಯನ್ನೂ ನೋಡಿ. ಹದಿನೈದು ದಿನಕ್ಕೊಮ್ಮೆ ಬ್ಯಾಟರಿಯನ್ನು ಮಷಿನ್‌ನಿಂದ ಪೂರ್ತಿ ಬಿಡಿಸಿ ಮನೆಯಲ್ಲಿ ಚಾರ್ಜರ್‌ಗೆ ಹಾಕಿ. ಬಿಡಿಸಿ ಎಂದದ್ದನ್ನು ಗಮನಿಸಿ. ಚಾರ್ಜರ್, ಬ್ಯಾಟರಿ, ಮಷಿನ್, ಬೇಲಿ ನಾಲ್ಕೂ ಒಟ್ಟಿಗೆ ಜೋಡಿಸಿಟ್ಟು ಚಾರ್ಜರ್ ಒಳಗೇ ಕೆಟ್ಟರೆ ಮನೆಯ 230 ವೋಲ್ಟ್ ಬೇಲಿಗೆ ಹೋಗಲು ದಾರಿ ತೆರೆದಂತೆ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್, ಟರ್ಮಿನಲ್‌ಗೆ ವ್ಯಾಸಲೀನ್. ಮಷಿನ್ ಡಬ್ಬಿಯೊಳಗೆ ಇರುವೆ, ಹಲ್ಲಿ ಸಂಸಾರ ಹೂಡುತ್ತವೆ, ತಿಂಗಳಿಗೊಮ್ಮೆ ತೆಗೆದು ನೋಡಿ. ಏಪ್ರಿಲ್ ಮೇ ಗುಡುಗಿಗೆ ಮಷಿನ್ ಸುಟ್ಟುಕೊಂಡವರು ಮುಂದಿನ ಸಲವಾದರೂ ಲೈಟ್ನಿಂಗ್ ಅರೆಸ್ಟರ್ ಹಾಕಿಸಿ.

ಕರೆಂಟ್ ಲೈನ್ ಕೆಳಗೆ ಬೇಲಿ ಹಾದುಹೋಗುವ ಜಾಗವನ್ನು ನಾನು ಎಲ್ಲಕ್ಕಿಂತ ಹೆದರಿಕೊಂಡು ನೋಡುತ್ತೇನೆ. ಗಾಳಿಗೆ ಮೇಲಿನ ತಂತಿ ಹರಿದು ಸೋಲಾರ್ ತಂತಿಯ ಮೇಲೆ ಬಿದ್ದರೆ, ಕಾನೂನು ಪ್ರಕಾರ ಹಾಕಿದ ಬೇಲಿಯೂ ಆ ಕ್ಷಣಕ್ಕೆ ಕೊಲ್ಲುವ ಬೇಲಿ, ಅದೂ ಇಡೀ ತೋಟದ ಸುತ್ತ. ಲೈನಿನ ಪಕ್ಕದಲ್ಲೇ ಉದ್ದಕ್ಕೆ ಬೇಲಿ ಓಡಿಸಬೇಡಿ. ದಾಟಲೇಬೇಕಾದರೆ ಅಡ್ಡಡ್ಡ, ನೇರವಾಗಿ ದಾಟಿಸಿ. ಮನೆಗಳಿಗೆ ಹೋಗುವ ಲೈನಿಗೂ ಬೇಲಿಗೂ 3 ಮೀಟರ್, 11 ಕೆವಿಗೆ 4 ಮೀಟರ್ ಅಂತರ ಬೇಕು. ಎತ್ತರಿಸಿ ಕಟ್ಟುವ ತೂಗು ಬೇಲಿಗಾದರೆ ಇದನ್ನು ಎರಡು ಸಲ ಅಳೆಯಿರಿ. 2024ರ ಜೂನ್‌ನಲ್ಲಿ ನಾಗರಹೊಳೆಯ ಭೀಮನಕಟ್ಟೆ ಶಿಬಿರದಲ್ಲಿ ದಸರಾ ಆನೆ ಅಶ್ವತ್ಥಾಮ ವಿದ್ಯುತ್ ತಗುಲಿ ಸತ್ತಿತು. ಮಾವುತ, ಕಾವಾಡಿ ಜೊತೆಗಿರುವ ಸಾಕಿದ ಆನೆಗೇ ಹಾಗಾಯಿತು. ಲೈನ್ ಜೋತುಬಿದ್ದದ್ದು ಕಂಡರೆ 1912ಕ್ಕೆ ಫೋನ್ ಮಾಡಿ, ಕೋಲಿನಿಂದ ಸರಿಸಲು ಹೋಗಬೇಡಿ. ಫೋನ್ ಎತ್ತದಿದ್ದರೆ ನನಗೆ ಮಾಡಿ, ಯಾರನ್ನು ಎಬ್ಬಿಸಬೇಕೆಂದು ಇನ್ನೂ ಮರೆತಿಲ್ಲ.

ಆನೆ ಸೋಲಾರ್ ಬೇಲಿಗೆ ಹೆದರುವುದಿಲ್ಲ ಎನ್ನುವವರಿಗೆ ಒಂದು ಮಾತು. ಆನೆ ಹೆದರುತ್ತದೆ, ಕಲಿಯುತ್ತದೆ ಕೂಡ. ದಂತಕ್ಕೆ ಕರೆಂಟ್ ಹರಿಯದೆಂದು ಕಂಡುಕೊಂಡ ಸಲಗ ದಂತದಿಂದಲೇ ತಂತಿ ಮೀಟಿ ಕಡಿಯುತ್ತದೆ. ಇನ್ನೊಂದು ಕಂಬವನ್ನು ಕಾಲಿನಿಂದ ಮಗುಚುತ್ತದೆ, ಮತ್ತೊಂದು ಬಗನಿ ಮರವನ್ನು ಬೇಲಿಯ ಮೇಲೆ ಕೆಡವಿ ದಾಟುತ್ತದೆ. ಇವೆಲ್ಲ ನಿಜ. ಆದರೆ ನಮ್ಮ ಬೇಲಿಗಳ ಮಟ್ಟಿಗೆ ಆನೆ ಮೊದಲು ಕಲಿತದ್ದು ಇದ್ಯಾವುದನ್ನೂ ಅಲ್ಲ, ಈ ಊರಿನ ಬೇಲಿಗಳಲ್ಲಿ ವಾರಗಟ್ಟಲೆ ಏನೂ ಇರುವುದಿಲ್ಲ ಎನ್ನುವುದನ್ನು. ಒಂದು ವರ್ಷ ಬೇಲಿ ಹೇಳಿಕೊಟ್ಟ ಹೆದರಿಕೆಯನ್ನು ಎಂಟು ದಿನದ ಸತ್ತ ಬೇಲಿ ಅಳಿಸಿಹಾಕುತ್ತದೆ.

ಎಲ್ಲಿ ಬೇಲಿ ಹಾಕುತ್ತೇವೆ ಎನ್ನುವುದೂ ನಮ್ಮ ತಪ್ಪಿನ ಭಾಗವೇ. 2023ರ ಗಣತಿಯ ಅಂದಾಜಿನಂತೆ ರಾಜ್ಯದಲ್ಲಿ 6,395 ಆನೆಗಳಿದ್ದವು, ದೇಶದಲ್ಲೇ ಹೆಚ್ಚು. ಬಂಡೀಪುರ, ನಾಗರಹೊಳೆಯ ಅಂಚಿನ ರೈತನಿಗೆ ಆನೆ ಒಂದು ಕಡೆಯಿಂದ ಬರುತ್ತದೆ, ಕಾಡಿನ ಗಡಿಗೆ ಬೇಲಿ, ಕಂದಕ, ರೈಲ್ವೆ ಹಳಿಯ ತಡೆ ಎಂದರೆ ಅಲ್ಲಿ ಅರ್ಥವಿದೆ. ಆಲೂರು, ಸಕಲೇಶಪುರ, ಬೇಲೂರಿನ ನಮ್ಮ ಪಾಡು ಬೇರೆ. ಆನೆ ಹಗಲು ಮಲಗುವುದೇ ನಮ್ಮ ಕಾಫಿ ತೋಟದಲ್ಲಿ. 2012ರಲ್ಲಿ ವರದಿ ಕೊಟ್ಟ ರಾಜ್ಯದ ಆನೆ ಕಾರ್ಯಪಡೆ ನಮ್ಮ ಭಾಗದಿಂದ ಆನೆಗಳನ್ನು ಹಿಡಿದು ಸಾಗಿಸಿ ಎಂದಿತ್ತು, ಹಿಡಿದದ್ದೂ ಆಯಿತು. ಆ ಜಾಗಕ್ಕೆ ಬೇರೆಯವು ಬಂದವು. ಇಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಸರ್ವೆ ನಂಬರಿನ ಸುತ್ತ ಬೇಲಿ ಬಿಗಿದರೆ ಆನೆಗೆ ಉಳಿಯುವುದು ರಸ್ತೆ ಮಾತ್ರ. ಬೆಳಗ್ಗೆ ಆ ರಸ್ತೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದಾರೆ, ಕೆಲಸಕ್ಕೆ ಬರುವ ಹೆಂಗಸರಿದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ಇಡೀ ತೋಟಕ್ಕೆ ಬೇಲಿ ಬೇಡ. ಮನೆ, ಲೈನ್ ಮನೆ, ಕಣ, ಬಾಳೆಯ ತುಂಡು, ಇವಕ್ಕೆ ಗಟ್ಟಿ ಬೇಲಿ. ಗದ್ದೆಗೆ ಹೊಡೆ ಬರುವ ಮುಂಚೆ ಹಾಕಿ ಕೊಯ್ಲು ಮುಗಿದ ಮೇಲೆ ಸುತ್ತಿಡುವ ಎರಡೆಳೆ ಬೇಲಿ. ಆನೆ ಹಾದುಹೋಗುವ ಹಳೇ ದಾರಿ, ಕೆರೆಯ ದಾರಿ ಎಲ್ಲರಿಗೂ ಗೊತ್ತು, ಅದನ್ನು ಬಿಡಿ. ದೊಡ್ಡ ಎಸ್ಟೇಟಿನ ಕೆಲವರಿಗೆ ಈ ಮಾತು ಹಿಡಿಸಲಿಕ್ಕಿಲ್ಲ.

ಕಣದ ವಿಷಯ ಬಂದದ್ದರಿಂದ ಹೇಳುತ್ತೇನೆ. ಕಾಫಿಗೆ ರೇಟು ಬಂದ ಮೇಲೆ ಕಳ್ಳರ ಕಾಟವೂ ಬಂದಿದೆ. ಒಣಗಲು ಹಾಕಿದ್ದನ್ನೇ ಚೀಲಕ್ಕೆ ತುಂಬಿಕೊಂಡು ಹೋಗುತ್ತಾರೆ, ಗಿಡದ ಮೇಲಿನ ಮೆಣಸನ್ನೂ ಬಿಡುವುದಿಲ್ಲ. ಗೋದಾಮಿನ ಕಾಂಪೌಂಡ್ ಮೇಲೆ ನಾಲ್ಕೆಳೆ ಸೋಲಾರ್ ತಂತಿ, ತಂತಿ ಕಡಿದರೆ ಕೂಗುವ ಸೈರನ್ ಹಾಕಿಸಿ, ಒಳ್ಳೆಯದೇ. ಅಲ್ಲೂ ಮಷಿನ್ ಅದೇ, ನಿಯಮ ಅದೇ. ತಂತಿ ಗೋಡೆಯ ಮೇಲಿರಲಿ, ದಾರಿಹೋಕರ ಕೈಗೆ ಎಟುಕದಿರಲಿ, ಹಳದಿ ಬೋರ್ಡು ಕನ್ನಡದಲ್ಲೂ ಚಿತ್ರದಲ್ಲೂ ಇರಲಿ. ನಮ್ಮ ತೋಟಗಳಿಗೆ ಕೆಲಸಕ್ಕೆ ಬರುವವರಲ್ಲಿ ಕನ್ನಡ ಓದಲಾರದವರು ಈಗ ಬಹಳ. ಕಳ್ಳನೆಂದು 230 ಕೊಟ್ಟರೆ ಸಾಯುವವನು ಕಳ್ಳನೇ ಆಗಿರುತ್ತಾನೆಂಬ ಖಾತ್ರಿಯಿಲ್ಲ. ಕಳ್ಳನಾದರೂ ಎರಡು ಚೀಲ ಕಾಫಿಗೆ ಮರಣದಂಡನೆ ಯಾವ ಕೋರ್ಟಿನಲ್ಲೂ ಇಲ್ಲ.

ಕಾನೂನನ್ನು ಎರಡೇ ಸಾಲಿನಲ್ಲಿ ಮುಗಿಸುತ್ತೇನೆ, ಅದನ್ನು ಹೇಳುವವರು ಬೇಕಾದಷ್ಟಿದ್ದಾರೆ. ಮೋಟರ್ ಲೈನಿಂದ ಬೇಲಿಗೆ ಕೊಟ್ಟರೆ 2003ರ ವಿದ್ಯುಚ್ಛಕ್ತಿ ಕಾಯ್ದೆಯ ಕೇಸು, ಆನೆ ಸತ್ತರೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಮೂರರಿಂದ ಏಳು ವರ್ಷ. ಮನುಷ್ಯ ಸತ್ತರೆ ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ನಿರ್ಲಕ್ಷ್ಯದ ಸಾವು ಎಂದಷ್ಟೇ ಬಿಡದೆ, ಸಾಯಬಹುದೆಂದು ಗೊತ್ತಿದ್ದೂ ತಂತಿ ಎಳೆದದ್ದಕ್ಕೆ ಕೊಲೆಯಲ್ಲದ ನರಹತ್ಯೆ ಎಂದೂ ಕೇಸು ಹಾಕಬಹುದು.

ಈಗ ನನ್ನ ಬೇಡಿಕೆ. ಬೇಲಿ ಹಾಕಲು ಅರಣ್ಯ ಇಲಾಖೆಯ ಸಹಾಯಧನವಿದೆ, ಹಾಕಿಕೊಡುವ ಕಂಪನಿಗಳಿವೆ. ಹಾಕಿದ ಬೇಲಿಯನ್ನು ಸುತ್ತಲು ಯಾವ ಯೋಜನೆಯೂ ಇಲ್ಲ, ಯಾಕೆಂದರೆ ಸುತ್ತುವುದಕ್ಕೆ ರಿಬ್ಬನ್ ಕಟ್ಟಲು ಬರುವುದಿಲ್ಲ. ನಮ್ಮ ಅಪ್ಪಂದಿರ ಕಾಲದಲ್ಲಿ ನಾಟಿಗೆ, ಕೊಯ್ಲಿಗೆ ಮುಯ್ಯಾಳು ಇತ್ತು. ಇವತ್ತು ನಿಮ್ಮ ಗದ್ದೆ, ನಾಳೆ ನಮ್ಮದು. ಬೇಲಿಗೂ ಮುಯ್ಯಾಳು ಮಾಡೋಣ. ಹತ್ತು ಮನೆಗೆ ಒಂದು ಗುಂಪು, ವಾರಕ್ಕೊಂದು ಸುತ್ತು, ಒಬ್ಬರ ಕೈಯಲ್ಲಿ ಕತ್ತಿ, ಇನ್ನೊಬ್ಬರ ಕೈಯಲ್ಲಿ ಟೆಸ್ಟರ್. ಕಿಲೋವೋಲ್ಟ್ ತೋರಿಸುವ ಡಿಜಿಟಲ್ ಟೆಸ್ಟರನ್ನು ಸಂಘದ ದುಡ್ಡಿನಲ್ಲಿ ಗುಂಪಿಗೊಂದು ಕೊಳ್ಳಬಹುದು. ಹುಲ್ಲುಕಡ್ಡಿ ತಾಗಿಸಿ ನೋಡುವ ಹುಡುಗರ ಧೈರ್ಯ ಮೆಚ್ಚಬೇಕಾದ್ದೇ, ಆದರೆ ಅದು ಲೆಕ್ಕ ಹೇಳುವುದಿಲ್ಲ, ಬೇಲಿಯಲ್ಲಿರುವುದು ಮೋಟರ್ ಲೈನಾದರೆ ಹೇಳಲು ಹುಡುಗನೂ ಉಳಿಯುವುದಿಲ್ಲ. ಎಲ್ಲಿ ಸೋರುತ್ತಿದೆಯೆಂದು ತಿಳಿಯದಿದ್ದರೆ ಕತ್ತಲಾದ ಮೇಲೆ ಹೋಗಿ, ಟಿಕ್ ಟಿಕ್ ಸದ್ದಿನ ಜೊತೆ ನೀಲಿ ಕಿಡಿ ಕಾಣುತ್ತದೆ. ಅಟ್ಟದ ಮೇಲೆ ಹಳೇ ಟ್ರಾನ್ಸಿಸ್ಟರ್ ಇದ್ದರೆ ಮೀಡಿಯಂ ವೇವ್‌ನಲ್ಲಿ ಸ್ಟೇಷನ್ ಸಿಗದ ಜಾಗಕ್ಕೆ ತಿರುಗಿಸಿ ಬೇಲಿಯುದ್ದಕ್ಕೆ ನಡೆಯಿರಿ, ಸೋರುವ ಜಾಗದಲ್ಲಿ ಅದರ ಟಕ್ ಟಕ್ ಜೋರಾಗುತ್ತದೆ. ಸುತ್ತಿದ ದಿನಾಂಕ, ನಾಲ್ಕು ಮೂಲೆಯ ವೋಲ್ಟ್ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನೋಟ್‌ಬುಕ್ ಇರುವ ಮನೆಯ ಬೇಲಿ ಸಾಯುವುದನ್ನು ನಾನು ಇನ್ನೂ ಕಂಡಿಲ್ಲ.

ಲೋಟ ನೋಡಿಕೊಂಡು ಕೂತಿದ್ದವರಿಗೆ ಬೇರೆಯಾಗಿ ಒಂದು ಸಾಲು. ಎಳೆದ ತಂತಿ ಇದ್ದರೆ ಇವತ್ತೇ ರಾತ್ರಿಯೊಳಗೆ ತೆಗೆಯಿರಿ. ಮೊದಲು ಪಂಪ್ ಮನೆಯ ಮೇನ್ ಇಳಿಸಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು, ಆಮೇಲೆ ತಂತಿಗೆ ಕೈ ಹಾಕಿ. ಹೆದರಿಕೆಯಾದರೆ ನನ್ನನ್ನು ಕರೆಯಿರಿ. ನಾನು ಬಂದು ತೆಗೆದುಕೊಡುತ್ತೇನೆ, ಎಷ್ಟು ದಿನದಿಂದ ಇತ್ತು ಎಂದು ಕೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ. ಗೋಣಿ ಹೊದ್ದು ಕೂತಿರುವ ಮಷಿನ್ ಇದ್ದರೆ ಅದನ್ನೂ ನೋಡಿಕೊಡುತ್ತೇನೆ. ಹೆಚ್ಚಿನವು ಕೆಟ್ಟಿರುವುದಿಲ್ಲ, ಬ್ಯಾಟರಿ ಹೋಗಿರುತ್ತದೆ, ಅಷ್ಟೇ.

ಬರುವ ಭಾನುವಾರ ಬೆಳಗ್ಗೆ ಏಳಕ್ಕೆ ಸಂಘದ ಕಟ್ಟಡದ ಮುಂದೆ ಸೇರೋಣ. ಮೊದಲ ಸುತ್ತು ನನ್ನ ಬೇಲಿಯದ್ದೇ ಆಗಲಿ. ನಿನ್ನೆ ಸಂಜೆ ಅದರ ಪಡುವಣ ಮೂಲೆಯಲ್ಲಿ ಬರೀ 2.8 ಕಿಲೋವೋಲ್ಟ್ ತೋರಿಸಿತು, ಎಲ್ಲೋ ಸೋರುತ್ತಿದೆ. ಟೆಸ್ಟರ್ ನನ್ನ ಹತ್ತಿರ ಇದೆ, ಕತ್ತಿ ನೀವು ತನ್ನಿ.

ಇತಿ,
ನಿಮ್ಮ ಹಳೇ ಲೈನ್‌ಮನ್